ಕಾಕೂ ಮಾರಿದ ಗಾಡಿಗಳು

ಗೋಕಾಕದ ಕಾಕೂ, ಊರಿಗೆಲ್ಲ ಚಿಕ್ಕಮ್ಮನಂತಿದ್ದವರು, ಮೋಟಾರ್ ಸೈಕಲ್ಲಿನ ಏಜೆನ್ಸಿ ಬಿಟ್ಟುಕೊಟ್ಟ ಸುದ್ದಿ ನನಗೆ ತಿಳಿದದ್ದು ಒಂದು ಕ್ಯಾಲೆಂಡರಿನಿಂದ. ಹುಕ್ಕೇರಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿವರ್ಷ ಅವರ ಷೋರೂಮಿನ ಕ್ಯಾಲೆಂಡರ್ ತೂಗುತ್ತಿತ್ತು. ಮೇಲೆ ಆ ವರ್ಷದ ಹೊಸ ಗಾಡಿಯ ಚಿತ್ರ, ಕೆಳಗೆ ಏಜೆನ್ಸಿಯ ಹೆಸರು. ಈ ವರ್ಷವೂ ಗಾಡಿ ಅದೇ ಸಾಲಿನದು, ಮುಖ ಇನ್ನಷ್ಟು ಚೂಪಾಗಿತ್ತು. ಕೆಳಗಿನ ಹೆಸರು ಮಾತ್ರ ಬೇರೆ. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಅಂಗಡಿಯವರು, "ಕಾಕೂ ಏಜೆನ್ಸಿ ಕೊಟ್ಟು ನಿಪ್ಪಾಣಿಗೆ ಅಕ್ಕನ ಮನಿಗೆ ಹೋದ್ರಂತ್ರಿ ಮೇಡಂ. ಇನ್ನ ಯಾರು ಬೇಕಾದ್ರೂ ಗಾಡಿ ತಗೋಬಹುದು, ಪರೀಕ್ಷಾ ಇಲ್ಲ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಕಿವಿ ರಸ್ತೆಯ ಕಡೆಗೇ ಇತ್ತು. ಅದು ಅವರಿಂದಲೇ ನನಗೆ ಅಂಟಿದ್ದು. ರಸ್ತೆಯಲ್ಲಿ ಯಾರಾದರೂ ಜೋರಾಗಿ ಹೋದರೆ ಆ ಸದ್ದು ಪೂರ್ತಿ ಕರಗುವವರೆಗೆ ನಾನು ಇಂದಿಗೂ ಮಾತು ಮುಂದುವರಿಸಲಾರೆ.

ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಉಪನ್ಯಾಸಕಿಯ ಕೆಲಸ ಸಿಗುವ ತನಕ ಎಂದು ನಾನು ಅವರ ಷೋರೂಮಿಗೆ ಸೇರಿದ್ದೆ. ಹುಕ್ಕೇರಿಯಿಂದ ಬೆಳಗಿನ ಬಸ್ಸಿಗೆ ಗೋಕಾಕ, ಸಂಜೆಯ ಬಸ್ಸಿಗೆ ವಾಪಸ್ಸು. ಕಂಪನಿಯವರು ಇಂಗ್ಲಿಷಿನಲ್ಲಿ ಕಳಿಸುತ್ತಿದ್ದ ಗಾಡಿಯ ವಿವರಗಳನ್ನು ಕನ್ನಡದಲ್ಲಿ ಬರೆದು ಗಿರಾಕಿಗಳಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಸಂದರ್ಶನ ಎಂದು ಹೋದ ದಿನ ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಬೂದು ಬಣ್ಣದ ಕಾಟನ್ ಸೀರೆ ಉಟ್ಟು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಇಳಿಬಿಟ್ಟುಕೊಂಡ ಹೆಂಗಸು. ಬಾಗಿಲ ಬಳಿ ಗಿರಾಕಿಯೊಬ್ಬ ನಿಲ್ಲಿಸಿದ್ದ ಗಾಡಿಯ ಮುಂದಿನ ಬ್ರೇಕಿನ ಹಿಡಿಕೆಯನ್ನು ಎರಡು ಬೆರಳಿನಿಂದ ಅದುಮಿ ನೋಡುತ್ತ, "ಓಡೋ ಗಾಡಿ ಒಮ್ಮೆಲೆ ನಿಂತ್ರ ಅದರ ಭಾರ ಎತ್ತಾಗ ಹೋಗತೈತಿ, ತಂಗಿ?" ಎಂದು ಕೇಳಿದರು.

ಮುಂದಕ್ಕೆ ಎಂದೆ.

"ಹಂಗಾರ ನಮ್ಮ ಮಂದಿ ಮುಂದಿನ ಬ್ರೇಕ್ ಯಾಕ ಹಿಡಿಯಂಗಿಲ್ಲ?"

ಉತ್ತರವನ್ನೂ ಅವರೇ ಹೇಳಿದರು. ನಮ್ಮ ಕಡೆ ಎಲ್ಲರೂ ಸೈಕಲ್ಲಿನಿಂದ ಮೋಟಾರ್ ಸೈಕಲ್ಲಿಗೆ ಬಂದವರು. ಸೈಕಲ್ಲಿನ ಮುಂದಿನ ಬ್ರೇಕು ಹಿಡಿದು ಪಲ್ಟಿ ಹೊಡೆದ ನೆನಪು ಪ್ರತಿಯೊಬ್ಬರ ಮೊಣಕಾಲಿನಲ್ಲೂ ಉಂಟು. ಆದ್ದರಿಂದ ಹೊಸ ಗಾಡಿ ಮನೆಗೆ ಬಂದ ದಿನವೇ ಮುಂದಿನ ಬ್ರೇಕಿನ ಕೇಬಲ್ಲನ್ನು ಸಡಿಲು ಮಾಡಿಸಿಬಿಡುತ್ತಿದ್ದರು. ಅಪ್ಪಿತಪ್ಪಿ ಹಿಡಿದರೂ ಹತ್ತಬಾರದು ಎಂದು. ಕಾಕೂ ಎದುರಿಗೆ ಸಿಕ್ಕ ಪ್ರತಿ ಗಾಡಿಯ ಹಿಡಿಕೆ ಅದುಮುತ್ತಿದ್ದದ್ದು ಅದಕ್ಕೇ. ಮದುವೆಯ ಮನೆಯ ಮುಂದೆ, ಬ್ಯಾಂಕಿನ ಮುಂದೆ, ಬಸದಿಯ ಮುಂದೆ ಕೂಡ. ಸಡಿಲಿದ್ದರೆ ಗಾಡಿಯ ಒಡೆಯ ಬರುವ ತನಕ ಅಲ್ಲೇ ನಿಲ್ಲುತ್ತಿದ್ದರು.

ಏಜೆನ್ಸಿ ತಂದವರು ಅವರ ಯಜಮಾನರು. ತೊಂಬತ್ತರ ದಶಕದ ನಡುವಿನಲ್ಲಿ ಈ ಗಾಡಿಯ ಮೊದಲ ರೂಪ ಬಂದಾಗ ಅವರ ಮನೆತನದ ಕಾಳು-ಕಡಿ ವ್ಯಾಪಾರದ ಜಾಗದಲ್ಲೇ ಗಾಜಿನ ಬಾಗಿಲು ಕೂಡಿಸಿ ಷೋರೂಮು ಮಾಡಿದ್ದರಂತೆ. ಪೆಟ್ರೋಲ್ ಟಾಕಿಯ ಮೇಲೆ ಕಂಪನಿ ಬರೆದ ಹೆಸರು ಕೊನೆಯ ತನಕ ಒಂದೇ ಇತ್ತು. ಆದರೆ ನಮ್ಮ ಕಡೆಯ ಮಂದಿ ಆ ಹೆಸರು ಹೇಳುತ್ತಿರಲಿಲ್ಲ, ದೀಪದ ಮುಖ ನೋಡಿ ಗುರುತಿಸುತ್ತಿದ್ದರು. ಮೊದಲನೆಯದು ದುಂಡಮುಖ. ಎರಡು ಸ್ಟ್ರೋಕಿನ ಎಂಜಿನ್ನು, ಎಣ್ಣೆ ಬೆರೆಸಿದ ಪೆಟ್ರೋಲು, ಹಿಂದೆ ನೀಲಿ ಹೊಗೆ. ಕಂಪನಿ ಅದನ್ನು ಕಾಲೇಜು ಹುಡುಗರಿಗಾಗಿ ಮಾಡಿತ್ತು. ಮೂಡಲಗಿಯ ಹಾಲಿನವರು ಎರಡೂ ಬದಿಗೆ ಕ್ಯಾನು ಕಟ್ಟಿ ಅದನ್ನು ಓಡಿಸಿದರು. ಆ ಗಾಡಿಗೆ ಭಾರ ಹೊತ್ತರೂ ಓಡುವ ಕಸುವಿತ್ತು, ನಿಲ್ಲುವ ಕಸುವು ಅಷ್ಟಿರಲಿಲ್ಲ.

ಆಮೇಲೆ ಹೊಗೆಯ ಕಾನೂನು ಬಿಗಿಯಾಯಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅದೇ ಹೆಸರಿನಲ್ಲಿ ನಾಲ್ಕು ಸ್ಟ್ರೋಕಿನ, ದೊಡ್ಡ ಎಂಜಿನ್ನಿನ ಗಾಡಿ ಬಂತು. ಹೊಗೆ ಹೋಯಿತು, ಸದ್ದೂ ಹೋಯಿತು. ಮಂದಿ ಅದಕ್ಕೆ ಗಂಟಲು ಕಟ್ಟಿದೆ ಎಂದರು. ಯಜಮಾನರು ಕಾಯಿಲೆ ಬಿದ್ದು ತೀರಿಕೊಂಡದ್ದು ಆ ವರ್ಷವೇ. ಕಂಪನಿಯವರು ಏಜೆನ್ಸಿಯನ್ನು ಬೇರೆಯವರಿಗೆ ಕೊಡುವ ಮಾತಾಡಿದಾಗ ಕಾಕೂ ತಾವೇ ನಡೆಸುವುದಾಗಿ ಹೇಳಿ, ತರಬೇತಿಗೆ ಪುಣೆಗೆ ಹೋದರು. ಅಲ್ಲಿ ಕೂತ ಗಂಡಸರ ನಡುವೆ ಇವರೊಬ್ಬರೇ ಹೆಂಗಸು. ನುಣ್ಣನೆಯ ಸಿಮೆಂಟಿನ ಅಂಗಳದಲ್ಲಿ ಒಬ್ಬ ಸವಾರ ಮುಂದಿನ ಬ್ರೇಕು ಹಿಡಿದು ಗೆರೆಯ ಮೇಲೆ ಗಾಡಿ ನಿಲ್ಲಿಸಿ ತೋರಿಸಿದನಂತೆ. ಅಂದಿನಿಂದ ಅವರ ತಲೆಯಲ್ಲಿ ಆ ಗೆರೆ ಉಳಿಯಿತು.

ವರ್ಕ್‌ಶಾಪಿನ ಹಿರಿಯ ಮಿಸ್ತ್ರಿಯನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಯಜಮಾನರ ಕಾಲದಿಂದ ಇದ್ದವರು. ನಾಲ್ಕು ಸ್ಟ್ರೋಕಿನ ಗಾಡಿಯನ್ನು ಅವರು ಮನಸ್ಸಿನಿಂದ ಒಪ್ಪಲೇ ಇಲ್ಲ. "ಇದು ಗಾಡಿ ಅಲ್ಲ ಅಕ್ಕಾರ, ಹೊಲಿಗಿ ಮಷೀನು" ಎನ್ನುತ್ತಿದ್ದರು. ಕಾಕೂ, "ಹೊಲಿಗಿ ಮಷೀನಿಂದ ಯಾರೂ ಸತ್ತಿಲ್ಲ, ಇರ್ಲಿ ತಗೋ" ಎನ್ನುವರು.

ನಾನು ಸೇರಿದ ವರ್ಷ ಮೂರನೆಯದು ಬಂತು: ಹದ್ದುಮುಖ. ದೀಪದ ಸುತ್ತ ಪ್ಲಾಸ್ಟಿಕ್ಕಿನ ಮುಸುಡಿ, ಗುಂಡಿ ಒತ್ತಿದರೆ ಚಾಲೂ ಆಗುವ ಎಂಜಿನ್ನು, ಹಿಂದಿನ ಯಾವುದಕ್ಕೂ ಇಲ್ಲದ ಎಳೆತ. ಅದರಲ್ಲಿ ಎರಡು ಜಾತಿ. ಒಂದಕ್ಕೆ ಮುಂದಿನ ಗಾಲಿಗೆ ಹಳೆಯ ಡ್ರಮ್ ಬ್ರೇಕು, ಇನ್ನೊಂದಕ್ಕೆ ಡಿಸ್ಕ್ ಬ್ರೇಕು. ಡ್ರಮ್ಮಿನದು ಅಗ್ಗ. ಎಲ್ಲ ಕಡೆ ಅದೇ ಹೆಚ್ಚು ಹೋಗುತ್ತಿತ್ತು. ಕಾಕೂ ಅದನ್ನು ತರಿಸಲೇ ಇಲ್ಲ. "ಕಂಪನಿಯವ್ರು ಓಡಾಕ ಕಲಿಸ್ಯಾರ, ನಿಂದ್ರಾಕ ಕಲಿಸಿಲ್ಲ. ಈ ಎಂಜಿನ್ನಿಗೆ ಆ ಡಬ್ಬಿ ಬ್ರೇಕು ಸಾಲಂಗಿಲ್ಲ" ಎಂದು ಎಲ್ಲರಿಗೂ ಹೇಳಿದರು. ಹುಬ್ಬಳ್ಳಿಯಿಂದ ಬರುತ್ತಿದ್ದ ಕಂಪನಿಯ ಸಾಹೇಬರು ಮೊದಲು ನಯವಾಗಿ, ಆಮೇಲೆ ಬಿರುಸಾಗಿ, ಹೀಗೆ ಮಾರಿದರೆ ಏಜೆನ್ಸಿ ಉಳಿಯುವುದು ಕಷ್ಟ ಎಂದರು. ಅವರು ಬಂದು ಹೋದ ದಿನ ಕಾಕೂ ಷೋರೂಮಿನ ಗಾಡಿಗಳ ಹಿಡಿಕೆಗಳನ್ನು ಒಂದರ ನಂತರ ಒಂದು ಅದುಮುತ್ತ ಓಡಾಡುತ್ತಿದ್ದರು.

ಅವರ ಇನ್ನೊಂದು ಪದ್ಧತಿ ಊರಿನವರ ನಗೆಗೆ ವಸ್ತುವಾಗಿತ್ತು. ಹೊಸ ಗಾಡಿ ಒಯ್ದವರು ಊರು ಮುಟ್ಟಿದ ಕೂಡಲೇ ಅಲ್ಲಿನ ಬೂತಿನಿಂದ ಫೋನು ಮಾಡಿ 'ಮುಟ್ಟೀನಿ' ಎನ್ನಬೇಕು. ಆ ಫೋನು ಬರುವ ತನಕ ಕಾಕೂ ಊಟಕ್ಕೆ ಏಳುತ್ತಿರಲಿಲ್ಲ. ಜೈನರಾದ ಅವರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಮೂಡಲಗಿಯ ಕಡೆಯವನೊಬ್ಬ ಸಂಜೆಗೆ ಗಾಡಿ ಒಯ್ದು, ದಾರಿಯಲ್ಲಿ ಗೆಳೆಯರಿಗೆ ತೋರಿಸುತ್ತ ಕೂತು ಕತ್ತಲಾದ ಮೇಲೆ ಫೋನು ಮಾಡಿದರೆ, ಆ ದಿನ ಇವರಿಗೆ ಉಪವಾಸ. ನಾಗನೂರಿನ ಒಬ್ಬ ಗಿರಾಕಿ ನಾಚಿಕೊಂಡು ಮರುದಿನ ಬಂದು, ಕಾಕೂ ಉಂಡರೇ ಎಂದು ಕೇಳಿಹೋದದ್ದೂ ಉಂಟು. ಹೀಗಾಗಿ ಮಧ್ಯಾಹ್ನ ಇಳಿದ ಮೇಲೆ ಬೀಗದ ಕೈ ಕೊಡಬಾರದೆಂದು ನಾವೇ ಒಂದು ನಿಯಮ ಮಾಡಿಕೊಂಡೆವು.

ಗಾಡಿ ಕೊಡುವಾಗ ಒಂದು ಫೋಟೋ ಇರುತ್ತಿತ್ತು. ಗಾಡಿಗೆ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು, ಪಕ್ಕದಲ್ಲಿ ಕೊಂಡವನ ಇಡೀ ಕುಟುಂಬ. ಆ ಫೋಟೋ ತೆಗೆಯುತ್ತಿದ್ದವನು ಅಂಕಲಗಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಒಬ್ಬ ಯುವಕ. ಮದುವೆ ಹಂಗಾಮಿನಲ್ಲಿ ಮೂರು ತಾಲ್ಲೂಕು ತಿರುಗುವವನು. ತೆಳ್ಳಗೆ ಉದ್ದ, ಮಾತು ವಿಪರೀತ. ಕಾಕೂ ಫೋಟೋದಲ್ಲಿ ಎಂದೂ ನಗುತ್ತಿರಲಿಲ್ಲ. "ಕಾಕೂ, ಗಾಡಿ ಮಾರಾಕತ್ತೀರಿ, ಜಪ್ತಿ ಮಾಡಾಕತ್ತಿಲ್ಲ. ಸ್ವಲ್ಪ ಹಲ್ಲು ಕಾಣಿಸ್ರಿ" ಎನ್ನುತ್ತಿದ್ದ. ಗೋಡೆಯ ಮೇಲಿನ ಫೋಟೋಗಳೆಲ್ಲ ಅವನವೇ.

ಅವನಿಗೂ ಹದ್ದುಮುಖದ ಆಸೆ ಹತ್ತಿತು. ಬೆಳಗಾವಿಯಲ್ಲಿ ನೋಡಿಕೊಂಡು ಬಂದಿದ್ದ ಡ್ರಮ್ ಬ್ರೇಕಿನದೇ ಬೇಕೆಂದ. ಉಳಿಯುವ ದುಡ್ಡಿನಲ್ಲಿ ಕ್ಯಾಮೆರಾಗೆ ಒಳ್ಳೆಯ ಫ್ಲಾಶ್ ಕೊಳ್ಳುವ ಯೋಚನೆ ಅವನದು. ಕಾಕೂ ತರಿಸಿಕೊಡಲು ಒಪ್ಪಲಿಲ್ಲ. ಬೇರೆ ಊರಲ್ಲಿ ಕೊಳ್ಳುತ್ತೇನೆ ಎಂದ. ಕೊಂಡರೆ ಇನ್ನು ಈ ಬಾಗಿಲಿಗೆ ಬರಬೇಡ ಎಂದರು. ಹತ್ತಿರದವರ ಮೇಲೆ ಮಾತ್ರ ಹಾಕುವ ಹಟ ಅದು. ಅವನು ಮುಖ ಊದಿಸಿಕೊಂಡು ಹೋಗಿ, ವಾರ ಬಿಟ್ಟು ಬಂದು ಡಿಸ್ಕಿನದೇ ತೆಗೆದುಕೊಂಡ. ಹಿತ್ತಲಿನ ಅಂಗಳದಲ್ಲಿ ಕಾಕೂ ಪಕ್ಕದಲ್ಲಿ ನಿಂತು, ಎರಡೇ ಬೆರಳಿನಿಂದ ಹಿಡಿಕೆ ಅದುಮಿ ಸುಣ್ಣದ ಗೆರೆಯ ಮೇಲೆ ನಿಲ್ಲಿಸುವುದನ್ನು ಅವನಿಗೂ ಕಲಿಸಿದರು. ಆ ಮಧ್ಯಾಹ್ನ ಅವನ ಫೋನು ಬೇಗನೇ ಬಂತು.

ಕಬ್ಬಿನ ಹಂಗಾಮು ಶುರುವಾಯಿತು. ನಮ್ಮ ಕಡೆ ಆ ದಿನಗಳಲ್ಲಿ ರಸ್ತೆಯೇ ಬೇರೆಯಾಗುತ್ತದೆ. ಹೊಲದಿಂದ ಕಾರ್ಖಾನೆಯವರೆಗೆ ಕಬ್ಬಿನ ಎತ್ತಿನ ಗಾಡಿಗಳು, ಟ್ರ್ಯಾಕ್ಟರುಗಳು. ಅವು ಉದುರಿಸಿದ ರವದಿ, ಅಂದರೆ ಕಬ್ಬಿನ ಒಣಗಿದ ಎಲೆ, ರಸ್ತೆಯ ಅಂಚಿಗೆಲ್ಲ ಹಾಸಿಕೊಂಡಿರುತ್ತದೆ. ಬೆಳಗಿನ ಇಬ್ಬನಿಗೆ ನೆನೆದಾಗ ಅದರ ಮೇಲೆ ಬರಿಗಾಲೂ ಜಾರುತ್ತದೆ.

ಒಂದು ಬೆಳಗ್ಗೆ ಚಾಚಾ ಸೈಕಲ್ಲನ್ನು ಸ್ಟ್ಯಾಂಡಿಗೂ ಹಾಕದೆ ಒಳಗೆ ಬಂದರು. ಫೋಟೋದವನು ಅಂಕಲಗಿ ರಸ್ತೆಯ ತಿರುವಿನಲ್ಲಿ ಬಿದ್ದಿದ್ದಾನೆ, ಬೆಳಗಾವಿಗೆ ಒಯ್ದಿದ್ದಾರೆ, ಜೀವಕ್ಕೇನೂ ಅಪಾಯವಿಲ್ಲ, ಬಲಗೈ ಮಣಿಕಟ್ಟು ಪುಡಿಯಾಗಿದೆ ಎಂದರು. ಕಬ್ಬಿನ ಗಾಡಿಯೊಂದು ಅಡ್ಡ ಬಂದಿತ್ತು. ಇವನು ಬ್ರೇಕು ಹಿಡಿದ. ಮುಂದಿನ ಗಾಲಿ ರವದಿಯ ಮೇಲೆ ತಿರುಗುವುದನ್ನು ಬಿಟ್ಟು ಹಾಗೇ ಪಕ್ಕಕ್ಕೆ ಹೋಯಿತು.

"ಯಾವ ಬ್ರೇಕು ಹಿಡದಿದ್ದ?" ಎಂದಷ್ಟೇ ಕಾಕೂ ಕೇಳಿದರು.

ಚಾಚಾ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಲು ಹೊರಗೆ ಹೋದರು.

ಮರುದಿನ ನನ್ನನ್ನು ಕರೆದುಕೊಂಡು ಬೆಳಗಾವಿಗೆ ಹೊರಟರು. ಆಸ್ಪತ್ರೆಯಲ್ಲಿ ಅವನ ಕೈಗೆ ಕಬ್ಬಿಣದ ಪಟ್ಟಿ ಕೂಡಿಸಿ ಮೇಲೆ ಪ್ಲಾಸ್ಟರು ಹಾಕಿದ್ದರು. ಹಿಡಿತ ಎಷ್ಟು ಬರುತ್ತದೆ ಎಂದು ಡಾಕ್ಟರು ಖಚಿತವಾಗಿ ಹೇಳಿರಲಿಲ್ಲ. ಅವನು ನಮ್ಮನ್ನು ಕಂಡು ಏಳಲು ನೋಡಿದ. "ಕಾಕೂ, ನೀವು ಹೇಳಿದಂಗನ ಹಿಡದೆ ನೋಡ್ರಿ. ಎರಡ ಬೆರಳೀಲೆ" ಎಂದ. ಚುಚ್ಚಲು ಹೇಳಿದ್ದಲ್ಲ. ಗಾಡಿ ಹೊಡೆಯಲು ಬಾರದವನೆಂದು ಅವರು ತಿಳಿಯಬಾರದು ಎಂದು ಹೇಳಿದ್ದು. ಅದಕ್ಕೇ ನಮ್ಮಿಬ್ಬರಿಗೂ ತಲೆ ಎತ್ತಲಾಗಲಿಲ್ಲ.

ಅವನ ಹೆಂಡತಿ ಮಂಚದ ಕಾಲಬಳಿ ನಿಂತಿದ್ದಳು. ನನ್ನ ವಯಸ್ಸಿನವಳು, ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಕಾಕೂ ಅವಳ ಕಡೆ ತಿರುಗಿ, ಅವನು ಬೇರೆ ಗಾಡಿ ಕೇಳಿದ್ದ, ನಾನೇ ಹಟ ಮಾಡಿ ಇದನ್ನು ಕೊಟ್ಟೆ ಎಂದರು. ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ದನಿ ಎತ್ತದೆ ಹೇಳಿದಳು: "ಕೊಟ್ಟೀರಿ, ಖರೆ. ಅವರ ಕೆಲಸ ಎಲ್ಲಾ ಆ ಕೈಯಾಗಿತ್ರಿ. ಈಗ ಕೈ ಯಾವ ಅಂಗಡ್ಯಾಗ ಸಿಗತೈತಿ, ಅದನ್ನೂ ಹೇಳ್ರಿ."

ಬಸ್ಸಿನಲ್ಲಿ ಕಾಕೂ ಕಿಟಕಿಯ ಕಡೆ ಕೂತರು. ಬೆಳಗಾವಿ ದಾಟಿದ ಮೇಲೆ, "ಭಾರ ಮುಂದಕ್ಕ ಬರತೈತಿ ಅನ್ನೂದು ಸುಳ್ಳೇನು?" ಎಂದರು. ಸುಳ್ಳಲ್ಲ, ಆದರೆ ಗಾಲಿಯು ನೆಲವನ್ನು ಹಿಡಿದಿರುವ ತನಕ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ರವದಿಯ ಮೇಲೆ ಹಿಡಿತವೇ ಇಲ್ಲ, ಸಾಲದ್ದಕ್ಕೆ ಮುಂದಿನ ಟೈರೂ ಕಿರಿದು, ಬ್ರೇಕು ತೀರ ಚುರುಕು ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. "ಪುಣೇದಾಗ ನೆಲಾ ಕನ್ನಡಿ ಇದ್ದಂಗಿತ್ತು. ಅಲ್ಲಿ ಕಲತದ್ದನ್ನ ನಾ ಇಲ್ಲಿ ತಂದು ಸುರುವಿದೆ. ನಮ್ಮ ಮಂದಿ ಅಂಜೂದು ಬರೇ ದಡ್ಡತನ ಅಂತ ತಿಳಕೊಂಡಿದ್ದೆ" ಎಂದರು.

ಆ ವಾರವೇ ಹಿತ್ತಲಿಗೆ ಒಂದು ಎತ್ತಿನ ಗಾಡಿಯ ತುಂಬ ರವದಿ ಬಂತು. ಕಾಕೂ ಅದನ್ನು ಅಂಗಳದಲ್ಲಿ ಹರವಿಸಿ ನೀರು ಹೊಡೆಸಿದರು. ಚಾಚಾ ಹಳೆಯ ದುಂಡಮುಖದಿಂದ ಹದ್ದುಮುಖದವರೆಗೆ ಎಲ್ಲ ಕಾಲದ ಗಾಡಿಗಳನ್ನೂ ಅದರ ಮೇಲೆ ಓಡಿಸಿ ನಿಲ್ಲಿಸಿ ನೋಡಿದರು. ಹಳೆಯದರ ಬ್ರೇಕು ಹತ್ತುವುದು ನಿಧಾನ, ಹಾಗಾಗಿ ಜಾರುವುದೂ ನಿಧಾನ. ಹೊಸದು ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಅದುಮಿ, ಜಾರುವುದು ಗೊತ್ತಾದ ಗಳಿಗೆಯಲ್ಲೇ ಬೆರಳು ಸಡಿಲಿಸಿ, ಮತ್ತೆ ಅದುಮಿದರೆ ನಿಲ್ಲುತ್ತದೆ. ಇಷ್ಟನ್ನು ಕಂಡುಕೊಳ್ಳುವಷ್ಟರಲ್ಲಿ ಚಾಚಾನ ಮೊಣಕೈ ಎರಡೂ ಸುಲಿದಿದ್ದವು. ಅಂದಿನಿಂದ ಆ ರವದಿಯ ಮೇಲೆ ನಿಲ್ಲಿಸಿ ತೋರಿಸದೆ ಯಾರಿಗೂ ಬೀಗದ ಕೈ ಇಲ್ಲ. 'ಕಾಕೂನ ಪರೀಕ್ಷಾ' ಎಂಬ ಹೆಸರು ಬಂದದ್ದು ಹಾಗೆ. ಕೆಲವರು ಹಾರ ಹಾಕಿದ ಗಾಡಿಯನ್ನು ಬಿಟ್ಟು ಸಿಟ್ಟಿನಿಂದ ಬೇರೆ ಊರಿಗೆ ಹೋದರು. ಬೀಗರ ಮುಂದೆ ರವದಿಯಲ್ಲಿ ಉರುಳಿದ ಒಬ್ಬ ಮದುಮಗ ಆ ಮೇಲೆ ವರ್ಷಗಟ್ಟಲೆ ನಮ್ಮ ಬೀದಿಗೆ ಬರಲಿಲ್ಲ.

ಕಂಪನಿಗೆ ಒಂದು ಪತ್ರ ಬರೆಸಿದರು. ಮುಂದಿನ ಗಾಲಿಯ ಟೈರು ಅಗಲವಾಗಬೇಕು ಎಂದು. ಸಾಹೇಬರು ಮುಂದಿನ ಸಲ ಬಂದಾಗ, ಟೈರನ್ನು ಗೋಕಾಕಕ್ಕೆಂದೇ ಮಾಡುವುದಿಲ್ಲ ಎಂದು ನಕ್ಕರು. ಕಾಕೂ ಅವರ ಕೈಗೆ ಬೀಗದ ಕೈ ಕೊಟ್ಟು ಹಿತ್ತಲ ಬಾಗಿಲು ತೆಗೆದರು. ಸಾಹೇಬರು ಬೀಳಲಿಲ್ಲ, ಸರಿಯಾದ ಹೊತ್ತಿಗೆ ಕಾಲು ಊರಿದರು. ಮಿರುಗುವ ಬೂಟು ಕೆಸರಿನ ರವದಿಯಲ್ಲಿ ಹೂತಿತು. ಚಹಾ ಕುಡಿಯದೆ ಹೋದರು. ಆ ಮೇಲೆ ಒಂದು ಕಾಲ ಏಜೆನ್ಸಿ ಇಂದು ಹೋಯಿತು, ನಾಳೆ ಹೋಯಿತು ಎನ್ನುವಂತಿತ್ತು. ಅಂಚೆಯವನು ಕಂಪನಿಯ ಲಕೋಟೆ ತಂದರೆ ಕಾಕೂ ಅದನ್ನು ನನ್ನ ಕಡೆ ಸರಿಸಿ, ಒಡೆದು ಓದುವ ತನಕ ಗೋಡೆ ನೋಡುತ್ತಿದ್ದರು.

ಆದರೆ ಅವರನ್ನು ಒಳಗಿನಿಂದ ತಿನ್ನುತ್ತಿದ್ದದ್ದು ಏಜೆನ್ಸಿಯ ಚಿಂತೆಯಲ್ಲ, ಆ ಕೈ. ಅಂಕಲಗಿಯ ಕಡೆಯಿಂದ ಯಾರು ಬಂದರೂ ಬೇರೆ ಮಾತಿನ ನಡುವೆ ಅದನ್ನು ಕೇಳಿ ತಿಳಿಯುತ್ತಿದ್ದರು. ಪ್ಲಾಸ್ಟರು ತೆಗೆದರಂತೆ. ಬೆರಳು ಮಡಿಚುತ್ತವಂತೆ. ಬಿಂದಿಗೆ ಎತ್ತಲಾಗುವುದಿಲ್ಲವಂತೆ. ಈಗ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವಳು ಹೆಂಡತಿಯಂತೆ, ಅವನು ಪಕ್ಕದಲ್ಲಿ ನಿಂತು ಹೇಳುತ್ತಾನಂತೆ. ಈ ಒಂದು ಮಾತು ಕೇಳಿದ ದಿನ ಕಾಕೂ ಸ್ವಲ್ಪ ಹಗುರಾದಂತೆ ಕಂಡರು. ಮರುಗಳಿಗೆಯೇ, "ಮದವಿ ಮನ್ಯಾಗ ಗಂಡಸರ ನಡುವ ಆಕಿನ್ನ ಬಿಡ್ತಾರೇನು?" ಎಂದು ಮತ್ತೆ ಕುಗ್ಗಿದರು. ಗಾಡಿ ಕೊಡುವಾಗ ಫೋಟೋ ತೆಗೆಯಲು ಬೇರೆಯವರನ್ನು ಕರೆಯೋಣವೇ ಎಂದು ನಾನು ಒಮ್ಮೆ ಕೇಳಿದೆ. ಕೇಳಿಸದವರಂತೆ ಒಳಗೆ ಹೋದರು. ಆ ವರ್ಷ ಗಾಡಿ ಒಯ್ದವರ ಫೋಟೋ ಗೋಡೆಯ ಮೇಲೆ ಇಲ್ಲ.

ಮುಂದಿನ ವರ್ಷ ನಾಲ್ಕನೆಯದು ಬಂತು. ಮುಖ ಇನ್ನೂ ಚೂಪು, ಮೀಟರಿನಲ್ಲಿ ಮುಳ್ಳಿನ ಬದಲು ಹೊಳೆಯುವ ಅಂಕಿ. ನಾವು ಮೂವರೂ ಮೊದಲು ನೋಡಿದ್ದು ಮುಂದಿನ ಟೈರು. ಅಗಲವಾಗಿತ್ತು. ಚಾಚಾ ಗೇಣು ಹಾಕಿ ಅಳೆದು, ಇದು ಅಕ್ಕಾರ ಬರೆದ ಪತ್ರದ್ದೇ ಪರಿಣಾಮ ಎಂದು ಪೇಟೆಯೆಲ್ಲ ಹೇಳಿಕೊಂಡು ಬಂದರು. ಕಾಕೂ ನಂಬಲಿಲ್ಲ. ಅಂಥ ಪತ್ರ ನೂರು ಕಡೆಯಿಂದ ಹೋಗಿರಬಹುದು, ಅಥವಾ ಯಾರೂ ಬರೆಯದೆಯೂ ಮಾಡಿರಬಹುದು. ನನಗೆ ಇಂದಿಗೂ ಗೊತ್ತಿಲ್ಲ. ಅವರು ಟೈರಿನ ಮೇಲೆ ಅಂಗೈ ಇಟ್ಟುಕೊಂಡು ಕೂತು, "ಒಂದ ವರ್ಷ ಮೊದಲ ಬರಬೇಕಾಗಿತ್ತಲ್ಲ ನೀ" ಎಂದರು. ಮಗುವಿಗೆ ಹೇಳಿದ ಹಾಗೆ.

ಕಬ್ಬಿನ ಹಂಗಾಮು ಮತ್ತೆ ಶುರುವಾಗಿ, ಬೀದಿಯಲ್ಲಿ ಬೆಲ್ಲದ ವಾಸನೆ ಬರತೊಡಗಿದಾಗ ಫೋಟೋದವನು ಬಂದ. ಹೆಂಡತಿಯೂ ಜೊತೆಗಿದ್ದಳು. ಬಸ್ಸಿಳಿದು ನಡೆದುಬಂದಿದ್ದರು. ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ. ಬಾಡಿಗೆ ಗಾಡಿ ನಂಬಿ ಮದುವೆಗಳಿಗೆ ತಿರುಗಲಾಗುವುದಿಲ್ಲ, ಬಂದ ಕೆಲಸವೆಲ್ಲ ಬೇರೆಯವರ ಪಾಲಾಗುತ್ತಿದೆ, ಹೆಂಡತಿಯನ್ನೂ ಕ್ಯಾಮೆರಾವನ್ನೂ ಕೂರಿಸಿಕೊಂಡು ಹೋಗಲು ಗಾಡಿ ಬೇಕೇಬೇಕು ಎಂದ. ಹಳೆಯ ಗಾಡಿಯನ್ನು ಅವನ ಅಣ್ಣ ಆಗಲೇ ಮಾರಿಬಿಟ್ಟಿದ್ದ.

"ಈ ಸಲ ನಾ ಕೇಳಿದ್ದು ಕೊಡಬೇಕ್ರಿ ಕಾಕೂ" ಎಂದ. "ಡ್ರಮ್ಮಿಂದು. ಡಿಸ್ಕ್ ಕಂಡ್ರ ಎದಿ ಹಾರತೈತಿ."

ನಾನು ಕಾಕೂ ಮುಖ ನೋಡಿದೆ. ಆ ಬ್ರೇಕು ಈ ಎಂಜಿನ್ನಿಗೆ ಸಾಲದು ಎಂಬ ಅವರ ನಂಬಿಕೆ ಒಂದಿಷ್ಟೂ ಬದಲಾಗಿರಲಿಲ್ಲ. ಅದಕ್ಕಾಗಿ ಏಜೆನ್ಸಿಯನ್ನೇ ಪಣಕ್ಕಿಟ್ಟವರು. ಆದರೆ ಇವನಿಗೆ ಇಲ್ಲ ಎನ್ನುವ ಬಾಯಿ ಅವರಿಗೆ ಉಳಿದಿರಲಿಲ್ಲ.

"ಕೊಡತೀನಿ" ಎಂದರು.

ಚಾಚಾ ಬೆಳಗಾವಿಗೆ ಹೋಗಿ ಒಂದು ಡ್ರಮ್ ಬ್ರೇಕಿನ ಗಾಡಿ ತಂದರು. ಹದ್ದುಮುಖ ಬಂದ ಮೇಲೆ ಆ ಷೋರೂಮಿಗೆ ಬಂದ ಅಂಥ ಮೊದಲ ಗಾಡಿ ಅದು. ಗಂಡ ಹೆಂಡಿರು ಮತ್ತೆ ಬಂದ ದಿನ ಹಿತ್ತಲ ರವದಿಗೆ ಚಾಚಾ ನೀರು ಹೊಡೆದಿಟ್ಟಿದ್ದರು, ಕಾಂಪೌಂಡಿನ ಗೋಡೆಗೆ ಹುಲ್ಲು ತುಂಬಿದ ಗೋಣಿಚೀಲಗಳನ್ನು ಒಡ್ಡಿದ್ದರು. ಅವನು ಗಾಡಿ ಏರಿ ಅಂಗಳದ ತುದಿಯಿಂದ ಮೆಲ್ಲಗೆ ಬಂದ. ಗೆರೆಯ ಬಳಿ ಕಾಲಿನ ಬ್ರೇಕು ಮುಟ್ಟದೆ ಹಿಡಿಕೆ ಅದುಮಿದ, ಗಾಡಿ ನಿಲ್ಲಲಿಲ್ಲ. ಗೆರೆ ದಾಟಿ, ರವದಿ ದಾಟಿ ಹೋಗಿ ಚೀಲಗಳಿಗೆ ಮುಖ ಕೊಟ್ಟು ನಿಂತಿತು. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು.

ಚಾಚಾ ಕೇಬಲ್ ಬಿಗಿ ಮಾಡಿ ಕೊಟ್ಟರು. ಮತ್ತೆ ಹಾಗೇ ಆಯಿತು. ಡ್ರಮ್ ಬ್ರೇಕಿಗೆ ಇಡೀ ಮುಷ್ಟಿಯ ಕಸುವು ಬೇಕು. ಅವನ ಬೆರಳು ಮಡಿಚುತ್ತಿದ್ದವು, ಆದರೆ ಮಡಿಚಿದ ಮೇಲೆ ಒಳಗೆ ಕಸುವಿರಲಿಲ್ಲ. ಅವನು ಗಾಡಿಯ ಮೇಲೆಯೇ ಕೂತು ಕೈ ನೋಡಿಕೊಂಡ.

ಮೊದಲು ಚಲಿಸಿದವಳು ಅವನ ಹೆಂಡತಿ. ನೆರಳಿನಲ್ಲಿ ನಿಲ್ಲಿಸಿದ್ದ ಅಗಲ ಟೈರಿನ ಡಿಸ್ಕ್ ಗಾಡಿಯ ಹತ್ತಿರ ಹೋಗಿ, ತನ್ನ ಎರಡು ಬೆರಳಿನಿಂದ ಹಿಡಿಕೆ ಅದುಮಿದಳು. ಕ್ಯಾಮೆರಾದ ಗುಂಡಿ ಒತ್ತುವ ಹಾಗೆ. "ಇದು ಮೆತ್ತಗೈತಲ್ರಿ" ಎಂದು ಗಂಡನನ್ನು ನೋಡಿದಳು.

"ಅದು ನನ್ನ ಕೆಡವಿದ್ದು" ಎಂದ ಅವನು. ಆದರೂ ಇಳಿದು ಬಂದು ಆ ಹಿಡಿಕೆಯ ಮೇಲೆ ಕೈ ಇಟ್ಟ. ಅದು ಅವನ ಬೆರಳಿಗೆ ಮಣಿದು ಬಂತು. ನಮಗೆಲ್ಲ ಕಾಣುವ ಹಾಗೆ ಬಂತು.

ಕಾಕೂ ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಹದ್ದುಮುಖ ಬಂದಾಗಿನಿಂದ ಅವರು ಹೇಳಿದ ಮಾತೇ ಅದು. ಅವರು ಹಿತ್ತಲಿನ ಬಾವಿಯ ಕಟ್ಟೆಯ ಕಡೆ ನೋಡುತ್ತ ನಿಂತಿದ್ದರು.

"ಕಾಕೂ, ನೀವ ಹೇಳ್ರಿ. ನಾ ಯಾವುದು ತಗೊಳ್ಲಿ?"

"ನಾ ಹೇಳಂಗಿಲ್ಲಪಾ. ಒಮ್ಮೆ ಹೇಳೀನಿ."

"ನೀವು ಹೇಳ್ಲಿಲ್ಲಂದ್ರ ನಾ ಹೆಂಗ ಧೈರ್ಯ ಮಾಡ್ಲಿ? ಇಲ್ಲಿ ಅಂಗಳದಾಗ ನಿಂದ್ರತೈತಿ. ಆ ತಿರುವಿನ್ಯಾಗ ನಿಂದ್ರತೈತೋ ಇಲ್ಲೋ ಯಾರಿಗ್ಗೊತ್ತು?"

ಕಾಕೂ ಕೊರಳಿನ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಂಗಾರ ಅದ ತಿರುವಿಗೆ ಹೋಗಿ ನೋಡೂಣು ನಡಿ. ನಾ ಹಿಂದ ಕುಂಡ್ರತೀನಿ."

ಚಾಚಾ ಗಾಬರಿಯಾಗಿ, ನಾನು ಹೋಗುತ್ತೇನೆ ಅಕ್ಕಾರ ಎಂದರು. ಅವನ ಹೆಂಡತಿಯೂ ಮುಂದೆ ಬಂದಳು, ಕೂರುವುದಿದ್ದರೆ ತಾನು ಎಂದು. "ಬ್ಯಾಡವ್ವಾ" ಎಂದರು ಕಾಕೂ. "ಕೊಟ್ಟಾಕಿ ನಾನು. ಇನ್ನೊಮ್ಮೆ ಅವನ್ನ ಒಬ್ಬನ್ನ ಕಳಿಸಿ ನಾ ಇಲ್ಲಿ ಫೋನಿನ ಮುಂದ ಕುಂಡ್ರಲಾರೆ."

ಮೊದಲು ಅಂಗಳದ ರವದಿಯ ಮೇಲೆ ಅವನು ಒಬ್ಬನೇ ನಿಲ್ಲಿಸಿ ನೋಡಿದ. ಅದುಮುವುದು, ಬಿಡುವುದು, ಮತ್ತೆ ಅದುಮುವುದು. ಚಾಚಾ ಪಕ್ಕದಲ್ಲಿ ಓಡುತ್ತ ಹೇಳಿಕೊಟ್ಟರು. ಆ ಮೇಲೆ ಕಾಕೂ ಒಂದು ಬದಿಗೆ ಕಾಲು ಇಳಿಬಿಟ್ಟು ಹಿಂದೆ ಕೂತು ಅವನ ಭುಜದ ಮೇಲೆ ಬಲಗೈ ಇಟ್ಟರು. ಗಾಡಿ ಗೇಟು ದಾಟಿ ಅಂಕಲಗಿ ರಸ್ತೆಯ ಕಡೆ ಹೊರಳಿತು. ನಾಲ್ಕು ಸ್ಟ್ರೋಕಿನ ಆ ಎಂಜಿನ್ನಿನ ಸದ್ದು ಬಹಳ ಬೇಗ ಸಂತೆಯ ಸದ್ದಿನಲ್ಲಿ ಕಳೆದುಹೋಯಿತು. ಅಂದು ಮೊದಲ ಬಾರಿಗೆ ನನಗೆ ಹಳೆಯ ದುಂಡಮುಖದ ಗದ್ದಲ ಬೇಕೆನಿಸಿತು. ಅದಾಗಿದ್ದರೆ ಊರಾಚೆಯ ತನಕ ಕೇಳುತ್ತಿತ್ತು.

ನಾನೂ ಅವನ ಹೆಂಡತಿಯೂ ಷೋರೂಮಿನ ಬೆಂಚಿನ ಮೇಲೆ ಕೂತೆವು. ಚಾಚಾ ಗೇಟಿನಲ್ಲೇ ನಿಂತರು. ಅವಳು ನನ್ನ ಕೈಯಲ್ಲಿದ್ದ ಕನ್ನಡಕ ನೋಡಿ, ಅದಿಲ್ಲದೆ ಅವರಿಗೆ ದೂರದ್ದು ಕಾಣುತ್ತದೆಯೇ ಎಂದು ಕೇಳಿದಳು. ಕಾಣುವುದಿಲ್ಲ ಎಂದೆ. "ಚಲೋ ಆತು" ಎಂದಳು. ನಾನು ನಗಲೋ ಬೇಡವೋ ತಿಳಿಯದೆ ಕನ್ನಡಕದ ದಾರವನ್ನು ಬೆರಳಿಗೆ ಸುತ್ತಿಕೊಂಡೆ. ಹೊರಗೆ ಕಬ್ಬಿನ ಗಾಡಿಗಳು ಹೋಗುತ್ತಲೇ ಇದ್ದವು. ಪ್ರತಿ ಸಲ ಚಾಚಾ ಗೇಟಿನಿಂದ ಒಂದು ಹೆಜ್ಜೆ ಮುಂದಿಟ್ಟಾಗ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು, ಮತ್ತೆ 'ಬ್ಯಾರೆ ಗಾಡಿ' ಎನ್ನುವ ಹಾಗೆ ಅವರು ಕೈ ಆಡಿಸಿದಾಗ ಕೂರುತ್ತಿದ್ದೆವು. ಹೋಗಿ ಬರುವ ದಾರಿ ಎಷ್ಟು ಎಂದು ನನಗೆ ಗೊತ್ತಿತ್ತು. ಅದನ್ನು ತಲೆಯಲ್ಲಿ ಲೆಕ್ಕ ಹಾಕಬಾರದೆಂದು ಗೋಡೆಯ ಫೋಟೋಗಳನ್ನು ನೋಡತೊಡಗಿದೆ. ಎಲ್ಲದರಲ್ಲೂ ಕಾಕೂ ನಗದೆ ನಿಂತಿದ್ದರು.

ಅವರು ಬಂದದ್ದು ನಾವು ನೋಡುತ್ತಿದ್ದ ದಿಕ್ಕಿನಿಂದಲ್ಲ, ಹಿಂದಿನ ಓಣಿಯಿಂದ. ಗಾಡಿ ಸದ್ದಿಲ್ಲದೆ ಅಂಗಳಕ್ಕೆ ಬಂದು ನಿಂತಾಗಲೇ ನಮಗೆ ತಿಳಿದದ್ದು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಗಾಡಿಯ ಗಾಲಿಯ ತುಂಬ ಹಸಿ ರವದಿ. ತಿರುವಿನಲ್ಲಿ ಹೋಗಿ, ಹೊರಳಿ, ಮತ್ತೆ ಹೋಗಿ, ಬೇಕೆಂದೇ ರವದಿಯ ಮೇಲೆ ಬ್ರೇಕು ಹಿಡಿದು ನೋಡಿದೆವು ಎಂದ. ಒಮ್ಮೆ ಜಾರಿತ್ತು, ಆಗ ಬೆರಳು ತಾನಾಗಿ ಸಡಿಲಿತು, ಮತ್ತೆ ಹಿಡಿಯಿತು.

"ನಿಂತತ್ರಿ ಚಾಚಾ" ಎಂದ. ಆಮೇಲೆ ನನ್ನ ಕಡೆ ನೋಡಿ, "ಗಾಡಿ ವಿವರದಾಗ ಇದನ್ನೂ ಬರಕೋರಿ ಮೇಡಂ" ಎಂದ.

ಕಾಕೂ ಇನ್ನೂ ಇಳಿದಿರಲಿಲ್ಲ. ಕಣ್ಣುಗಳು ನೆಟ್ಟಗೆ ಮುಂದಕ್ಕೆ ನೋಡುತ್ತಿದ್ದವು. ಇಳೀರಿ ಕಾಕೂ ಎಂದೆ. ಇಳಿಯಬೇಕೆಂದು ಅವರೂ ನೋಡುತ್ತಿದ್ದರು, ಆದರೆ ಬಲಗೈ ಅವನ ಭುಜದ ಅಂಗಿಯನ್ನು ಮುದ್ದೆಯಾಗಿ ಹಿಡಿದುಬಿಟ್ಟಿತ್ತು, ಬಿಡಲು ಒಲ್ಲದು. ಅಂಗಿಯ ಹೊಲಿಗೆ ಅಲ್ಲಿ ಬಿಚ್ಚಿಹೋಗಿತ್ತು. ಅವನ ಹೆಂಡತಿ ನನ್ನನ್ನು ದಾಟಿ ಮುಂದೆ ಹೋದಳು. ಕಾಕೂನ ಬೆರಳುಗಳನ್ನು ಗಂಡನ ಅಂಗಿಯಿಂದ ಒಂದೊಂದಾಗಿ ಬಿಡಿಸಿದಳು.